ಟ್ಯಾಂಕರ್ ಕೀಯ ಕೊನೆ ಹಲ್ಲು

ನಮ್ಮೂರಿನಲ್ಲಿ ಒಂದು ಬೀಗಕ್ಕೆ ಒಂದೇ ಬೀಗದ ಕೈ. ಬೇರೆ ಊರುಗಳಲ್ಲಿ ಬೀಗ ಕೊಂಡರೆ ತಂತಿಗೆ ಪೋಣಿಸಿ ಎರಡೋ ಮೂರೋ ಕೊಡುತ್ತಾರೆ. ಇಲ್ಲಿ ಅಂಗಡಿಯವನು ಒಂದನ್ನು ನಮ್ಮ ಕೈಗಿಟ್ಟು, ಮಿಕ್ಕಿದ್ದನ್ನು ಕಣ್ಣೆದುರಿಗೇ ಸುತ್ತಿಗೆಯಲ್ಲಿ ಜಜ್ಜಿ ಮೋರಿಗೆ ಎಸೆಯುತ್ತಾನೆ. ಊರು ಬಿಟ್ಟು ಹೊರಗೆ ಹೋಗುವವರು ಊರಿನ ಒಂದು ಬೀಗದ ಕೈಯನ್ನು ಜೇಬಿನಲ್ಲೋ ಸೆರಗಿನ ತುದಿಯಲ್ಲೋ ಇಟ್ಟುಕೊಂಡೇ ಹೋಗಬೇಕು. ಅದಿದ್ದರೆ ಎಷ್ಟು ದೂರದಿಂದಲಾದರೂ ಬಂದು ಸೇರಬಹುದು. ಇಲ್ಲದಿದ್ದರೆ ಊರು ಸಿಗುವುದಿಲ್ಲ. ಸಿಗದಿದ್ದರೆ ಹಾಳಾಗಲಿ, ಅಂಥದ್ದೊಂದು ಊರಿತ್ತು, ಅಲ್ಲಿ ತನಗೊಂದು ಮನೆಯಿತ್ತು ಎನ್ನುವುದೇ ಮನಸ್ಸಿನಿಂದ ಹೋಗಿಬಿಡುತ್ತದೆ. ಹೋದವರು ಹೊರಗಿರುವಾಗ ಇಲ್ಲಿ ಆ ಬೀಗಕ್ಕೆ ಇನ್ನೊಂದು ಕೈ ಮಾಡಿಸಿದರೆ, ಅವರ ಜೇಬಿನಲ್ಲಿರುವುದು ಆ ಗಳಿಗೆಯಿಂದಲೇ ಬರೀ ತಗಡು. ಅವರು ಈ ಊರಿನವರೆಂದು ಹೊರಗೆ ಅವರನ್ನು ಬಲ್ಲವರಿಗೂ ಆಮೇಲೆ ನೆನಪಿರುವುದಿಲ್ಲ.

ಇದರ ಜೊತೆ ಏಗುವುದನ್ನು ನಾವೆಲ್ಲ ಅಂಬೆಗಾಲಿಡುವ ವಯಸ್ಸಿನಲ್ಲೇ ಕಲಿತಿರುತ್ತೇವೆ. ಪ್ರತಿ ಮನೆಯ ಕಿಟಕಿಗೂ ಒಂದು ಕಬ್ಬಿಣದ ಸರಪಳಿ ನೇತುಹಾಕಿರುತ್ತದೆ. ಊರಾಚೆ ಹೋಗುವವರು ಬೆರಳುದ್ದದ ಒಂದು ಬೀಗವನ್ನು ಅದಕ್ಕೆ ಹಾಕಿ ಅದರ ಕೈಯನ್ನು ತೆಗೆದುಕೊಂಡು ಹೋಗುತ್ತಾರೆ. ಅದಕ್ಕೆ ಹೋಗೋ ಬೀಗ ಎಂದು ಹೆಸರು. ಅದು ಯಾವ ಪೆಟ್ಟಿಗೆಯನ್ನೂ ಕಾಯುವುದಿಲ್ಲ, ಯಾವ ಬಾಗಿಲನ್ನೂ ಮುಚ್ಚುವುದಿಲ್ಲ. ಹೋದವರು ಎಷ್ಟು ತಡಮಾಡಿದರೂ ಮನೆಯವರ ಕೆಲಸಕ್ಕೆ ಅಡ್ಡಿಯಿಲ್ಲ. ಅಜ್ಜನ ಕಾಲದಿಂದ ತುಕ್ಕು ಹಿಡಿದು ನೇತಾಡುತ್ತಿರುವ ಬೀಗಗಳೂ ಊರಲ್ಲಿವೆ, ಆಯುಧಪೂಜೆಗೆ ಅವಕ್ಕೂ ಎಣ್ಣೆ ಸವರಿ ಕುಂಕುಮ ಇಡುತ್ತಾರೆ. ಆದರೆ ದಿನವೂ ಬೇಕಾಗುವ ಉಗ್ರಾಣದ್ದು, ಗಾಡಿಯದ್ದು, ಇಂಥ ಕೈಗಳನ್ನು ಯಾರೂ ಒಯ್ಯುವುದಿಲ್ಲ. ಎಂಥ ದಡ್ಡನಿಗೂ ಇದು ಗೊತ್ತು. ನನ್ನ ಗಂಡ ದಡ್ಡರೇನಲ್ಲ. ಆದರೂ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ, ನೀರಿನ ಟ್ಯಾಂಕರನ್ನು ಮನೆ ಮುಂದೆ ನಿಲ್ಲಿಸಿ ಅದರ ಕೀಯನ್ನು ಅಂಗಿ ಜೇಬಿಗೆ ಹಾಕಿಕೊಂಡು ಪೇಟೆಗೆ ಹೋದರು. ಕಿಟಕಿಯ ಸರಪಳಿಗೆ ಬೀಗ ಹಾಕಲಿಲ್ಲ.

ಅವರ ಹೆಸರು ಚೆಲುವರಾಜ. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಮೊದಲೆಲ್ಲ ಅತ್ತೆ ಬೈಯುತ್ತಿದ್ದರು, ಈಗ ಬೈಯುವುದಿಲ್ಲ. ಗಡಿಕಲ್ಲಿನ ಆಚೆ, ಟಾರು ರಸ್ತೆಯ ಮಗ್ಗುಲಿಗೆ, ಕಲ್ಲು ತೆಗೆದು ಬಿಟ್ಟ ಒಂದು ಕ್ವಾರಿ ಇದೆ. ಅದರ ಬಾವಿಯಲ್ಲಿ ಬೇಸಗೆಯಲ್ಲೂ ನೀರು. ಅಲ್ಲಿಂದ ತುಂಬಿಸಿಕೊಂಡು ಬಂದು ಮೇಲ್ಕೇರಿಗೆ ಹಾಕುವುದು ನಮ್ಮ ಕಸುಬು. ಮೇಲ್ಕೇರಿ ಇರುವುದು ಬಂಡೆಯ ಮೇಲೆ. ಎಲ್ಲಿ ಕೊರೆದರೂ ಪುಡಿಗಲ್ಲು ಬರುತ್ತದೆಯೇ ಹೊರತು ನೀರು ಬರುವುದಿಲ್ಲ. ಗಾಡಿ ಗಡಿ ದಾಟುವಾಗ ಗಾಡಿಯ ಕೀಯೂ ಜೊತೆಗೇ ದಾಟುತ್ತದೆ, ಹಾಗಾಗಿ ಟ್ಯಾಂಕರ್ ಓಡಿಸುವವರಿಗೆ ಹೋಗೋ ಬೀಗದ ಗೊಡವೆಯಿರಲಿಲ್ಲ. ಅವರಿಗೆ ಆ ಅಭ್ಯಾಸ ತಪ್ಪಿದ್ದು ಅದರಿಂದಲೇ ಎಂದು ಊರವರು ಹೇಳುತ್ತಾರೆ. ಅವರೆದುರಿಗೆ ನಾನು ತಲೆಯಾಡಿಸುತ್ತೇನೆ. ನಿಜ ಬೇರೆ.

ಮದುವೆಯಾದ ವರ್ಷ ಒಣಗಿದ ಕೆರೆಯಂಗಳದಲ್ಲಿ ನನಗೆ ಗಾಡಿ ಕಲಿಸಿದವರು ಅವರೇ. ಕಲಿಸುವಾಗ ನಗುತ್ತ ಕಲಿಸಿದರು, ಕಲಿತ ಮೇಲೆ ಸ್ಟೇರಿಂಗು ಕೊಡಲಿಲ್ಲ. ಈ ಸಂಕ್ರಾಂತಿಯಲ್ಲಿ ಅವರು ಜ್ವರ ಬಂದು ಮಲಗಿದಾಗ ಬೇರೆ ದಾರಿಯಿಲ್ಲದೆ ನಾನು ನೀರಿಗೆ ಹೋದೆ. ಮೇಲ್ಕೇರಿಯ ಏರು ಎಂಥದ್ದೆಂದರೆ, ಅರ್ಧದಲ್ಲಿ ಗೇರು ತಪ್ಪಿದರೆ ನೀರು ಸಮೇತ ಹಿಂದಕ್ಕೆ ಬರಬೇಕು. ನಾನು ಒಂದೇ ಉಸಿರಿಗೆ ಹತ್ತಿಸಿದೆ. ಕೇರಿಯ ಹೆಂಗಸರು ಸುಮ್ಮನಿರಬಾರದೆ? ಮನೆಯವರೆಗೂ ಬಂದು, ಕಂಬಳಿ ಹೊದ್ದು ಮಲಗಿದ್ದವರ ತಲೆದೆಸೆಯಲ್ಲಿ ನಿಂತು, ಇನ್ಮೇಲೆ ಶೀಲಮ್ಮನ್ನೇ ಕಳ್ಸಪ್ಪ, ನಿನಗಿಂತ ನಯವಾಗಿ ಓಡಿಸ್ತಾಳೆ ಎಂದರು. ಅವರಿಗೆ ಜ್ವರ ಬಿಟ್ಟಿತು, ಮುನಿಸು ಹಿಡಿಯಿತು.

“ಹಿಂದಿನ ಟೈರು ನುಣ್ಣಗಾಗೈತೆ. ಪೇಟೇಲಿ ಒಂದು ನೋಡ್ಕಂಡು ಸಾಯಂಕಾಲಕ್ಕೆ ಬತ್ತೀನಿ,” ಎಂದರು ಆ ಬೆಳಿಗ್ಗೆ, ಬೇರೆಲ್ಲೋ ನೋಡುತ್ತ.

“ಆ ಕೀ ಇಲ್ಲಿಟ್ಟು ಹೋಗಿ. ಹೋಗೋ ಬೀಗ ಗೂಡಲ್ಲೈತೆ,” ಎಂದೆ.

“ಯಾವ್ದಾದ್ರೇನು? ಇದೂ ಊರಿಂದೇ ಬೀಗ ತಾನೆ? ಒಂದಿನ ಮೇಲ್ಕೇರಿಯೋರು ನಿನ್ ಡ್ರೈವಿಂಗ್ ನೋಡ್ದಿದ್ರೆ ಸತ್ತೋಗಲ್ಲ.”

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೆ ಎನ್ನುತ್ತಾರೆ. ಅವರ ಮೂಗೂ ನನ್ನ ಮೂಗೂ ಒಂದೇ ಸಲ ಹೋಯಿತು.

ಸಾಯಂಕಾಲ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಹೊರಗಿನ ಫೋನಾಗಲಿ ಕಾಗದವಾಗಲಿ ನಮ್ಮೂರಿಗೆ ಮುಟ್ಟುವುದಿಲ್ಲ. ಅವರ ದೊಡ್ಡಪ್ಪನ ಮಕ್ಕಳಿಬ್ಬರು ಹೋಗೋ ಬೀಗ ಹಾಕಿ ಪೇಟೆಗೆ ಹೋಗಿ ಟೈರಿನ ಅಂಗಡಿಗಳನ್ನೆಲ್ಲ ಸುತ್ತಿ ಬಂದರು. ಯಾರೂ ಕಂಡಿಲ್ಲ ಎಂದರು. ಅದುವರೆಗೆ ನಮಗೂ ಒಂದು ಆಸೆಯಿತ್ತು. ಟ್ಯಾಂಕಿನಲ್ಲಿ ಅರ್ಧ ನೀರಿತ್ತು, ಕೇರಿಯವರು ಬಂದು ನಲ್ಲಿಯಿಂದ ಹಿಡಿದುಕೊಂಡು ಹೋದರು. ಅದು ಮುಗಿದ ಮೇಲೆ ಕೆಳಕೇರಿಯ ಬಾವಿಯಿಂದ ಮೆಟ್ಟಿಲು ಹತ್ತಿ ಹೊರತೊಡಗಿದರು. ಊರಲ್ಲಿ ಇನ್ನೊಂದು ಟ್ಯಾಂಕರಿಲ್ಲ, ಆ ಏರನ್ನು ಎತ್ತಿನ ಗಾಡಿ ಹತ್ತುವುದಿಲ್ಲ. ಮೆಕ್ಯಾನಿಕ್ ಪುಟ್ಟಮಾದ ಬಂದು, ಇಂಥದ್ದೆಲ್ಲ ವೈರು ಕಿತ್ತು ಜೋಡಿಸಿದರೆ ಓಡುತ್ತದೆ, ಹೊರಗಿನವರು ಹಾಗೇ ಮಾಡುತ್ತಾರೆ ಎಂದು ಅರ್ಧ ದಿನ ಗಾಡಿಯ ಹೊಟ್ಟೆಯೊಳಗೆ ಕೈಯಾಡಿಸಿದ. ನಮ್ಮೂರಿನ ಗಾಡಿ ಅದಕ್ಕೆಲ್ಲ ಬಗ್ಗುವುದಿಲ್ಲ. ಕಡೆಗೆ ಹಾರನ್ ಮಾತ್ರ ಕೂಗಿತು. ಅಡುಗೆಮನೆಯಲ್ಲಿದ್ದ ಅತ್ತೆ ಕೈಯಲ್ಲಿ ಸೌಟು ಹಿಡಿದುಕೊಂಡೇ, “ಬಂದ್ಯಾ ಮಗಾ,” ಎನ್ನುತ್ತ ಬಾಗಿಲಿಗೆ ಓಡಿಬಂದರು. ಪುಟ್ಟಮಾದ ಆಮೇಲೆ ಆ ಗಾಡಿಯನ್ನು ಮುಟ್ಟಲಿಲ್ಲ.

ಉಳಿದ ದಾರಿ ಒಂದೇ, ಹೊಸ ಕೀ. ಅದು ಎಲ್ಲರ ಮನಸ್ಸಿನಲ್ಲಿತ್ತು. ಆದರೆ ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು? ಒಬ್ಬ ಹೆಂಗಸಿನ ಎದುರು ನಿಂತು, ನಿನ್ನ ಗಂಡನ ದಾರಿಯನ್ನು ಮುಚ್ಚಿಬಿಡು ತಾಯಿ, ನಮಗೆ ನೀರು ಬೇಕು ಎಂದು ಕೇಳುವಷ್ಟು ಕಟುಕರು ಮೇಲ್ಕೇರಿಯವರಲ್ಲ. ಅವರು ಕೇಳಿದ್ದರೆ ಚೆನ್ನಾಗಿತ್ತು. ನಾನು ಜಗಳವಾಡಬಹುದಿತ್ತು, ಶಾಪ ಹಾಕಬಹುದಿತ್ತು. ಅವರು ಬಿಂದಿಗೆ ಹೊತ್ತು ನಮ್ಮ ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದರು. ಟ್ಯಾಂಕರಿನ ಹತ್ತಿರ ಬಂದಾಗ ಅದು ಅಲ್ಲಿಲ್ಲವೇನೋ ಎನ್ನುವಂತೆ ಮುಖ ಆಚೆ ತಿರುಗಿಸುತ್ತಿದ್ದರು.

ಸುಂದ್ರಮ್ಮ ಮಾತ್ರ ಒಂದು ದಿನ ಜಗಲಿಯ ಮೇಲೆ ಕುಳಿತಳು. ಮೇಲ್ಕೇರಿಯ ತುತ್ತತುದಿಯ ಮನೆ ಅವಳದು. ಮಗಳು ಭಾಗ್ಯ ಹೆರಿಗೆಗೆ ಬಂದು ಹೆಣ್ಣುಮಗು ಹೆತ್ತಿದ್ದಳು.

“ಬಾಣಂತಿ ಮೈಗೆ ಎರಡು ಹಂಡೆ ಬಿಸ್ನೀರು ಹುಯ್ದು ಎಷ್ಟು ದಿನ ಆಯ್ತೋ ಕಣ್ ಹೊನ್ನಕ್ಕ,” ಎಂದಳು ಅತ್ತೆಗೆ. “ಒದ್ದೆ ಬಟ್ಟೇಲಿ ಒರೆಸಿ ಮಲಗಿಸ್ತೀನಿ. ನಿನ್ ಮಗ ಬರ್ಲಿ ಅಂತ ನಾನೂ ಹರಕೆ ಹೊತ್ತಿವ್ನಿ.”

ಅತ್ತೆ ಎಲೆ ಅಡಿಕೆಯ ತಟ್ಟೆಯನ್ನು ಅವಳ ಮುಂದಿಟ್ಟರು. ಆಮೇಲೆ, “ಅವನ ಜೇಬಲ್ಲಿರೋದು ಬರೀ ಗಾಡಿ ಕೀ ಅಲ್ಲ ಸುಂದ್ರವ್ವ. ನನ್ ಮನೆ ಹೊಸ್ಲು ಅದು,” ಎಂದರು. ಸುಂದ್ರಮ್ಮ ಹೌದು ಕಣಕ್ಕ ಎಂದು ಎದ್ದು ಹೋದಳು.

ಅವಳಿಗೆ ಒಂದು ಕೊಡ ನೀರು ಕೊಟ್ಟು ಕಳಿಸಿದೆ. ನಮ್ಮದೂ ಹೊತ್ತು ತಂದ ನೀರೇ. ಆ ದಿನಗಳಲ್ಲಿ ನನ್ನ ಮನಸ್ಸು ಹೇಗಿತ್ತು ಎಂದರೆ, ಅವರು ಬರಲಿ ಎಂದು ದೇವರಿಗೆ ಕೈಮುಗಿಯುತ್ತಿದ್ದೆ, ಬಂದ ಕೂಡಲೇ ಕೆನ್ನೆಗೆ ಎರಡು ಬಾರಿಸಬೇಕು ಎಂದೂ ಅದೇ ಬಾಯಲ್ಲಿ ಅಂದುಕೊಳ್ಳುತ್ತಿದ್ದೆ. ಆ ಬೆರಳುದ್ದದ ಬೀಗವನ್ನು ಹಾಕಿ ಹೋಗಿದ್ದರೆ, ವರ್ಷಗಟ್ಟಲೆ ಬೇಕಾದರೂ ನಾನು ಕಾಯುತ್ತಿದ್ದೆ. ಕಾಯುವುದಕ್ಕೂ ಒಂದು ಅನುಕೂಲ ಬೇಕು. ಅಷ್ಟನ್ನೂ ಅವರು ನನಗೆ ಬಿಟ್ಟು ಹೋಗಲಿಲ್ಲ.

ಯುಗಾದಿಗೆ ಮುಂಚೆ ಬಿಸಿಲು ಕಾದು, ಕೆಳಕೇರಿಯ ಬಾವಿಯೂ ತಳ ಕಂಡು, ಒಂದು ಬಿಂದಿಗೆ ತುಂಬಲು ಗಂಟೆಗಟ್ಟಲೆ ಕಾಯಬೇಕಾಯಿತು. ಸುಂದ್ರಮ್ಮ ಎಲ್ಲೋ ದೂರ ನೀರಿಗೆ ಹೋಗಿದ್ದ ಹೊತ್ತಿನಲ್ಲಿ, ಭಾಗ್ಯ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ತಾನೇ ಒಂದು ಬಿಂದಿಗೆ ತರಲು ಇಳಿದಳಂತೆ. ಹಸಿ ಬಾಣಂತಿ, ಯಾರೂ ಕಳಿಸುವವರಲ್ಲ, ಅದಕ್ಕೇ ಯಾರಿಗೂ ಹೇಳದೆ ಹೋಗಿದ್ದಾಳೆ. ತುಂಬಿದ ಬಿಂದಿಗೆ ಹೊತ್ತು ಹತ್ತುವಾಗ ಮೆಟ್ಟಿಲ ಮೇಲೆ ತಲೆ ಸುತ್ತಿ ಉರುಳಿದಳು. ಕಂಬಳಿಯಲ್ಲಿ ಹಾಕಿಕೊಂಡು ನಮ್ಮ ಮನೆಯ ಮುಂದೆಯೇ ಎತ್ತಿಕೊಂಡು ಹೋದರು. ಮೇಲೆ ಮಗು ಅಳುತ್ತಿದ್ದದ್ದು ನಮ್ಮ ಜಗಲಿಗೂ ಕೇಳಿಸುತ್ತಿತ್ತು. ಭಾಗ್ಯ ಬದುಕಿದಳು, ಆದರೆ ಸೊಂಟ ಹಿಡಿದು ಎದ್ದು ಕೂರಲಾರದೆ ಹೋದಳು. ಸುಂದ್ರಮ್ಮ ನಮ್ಮ ಮನೆ ಕಡೆಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಅವತ್ತು ನಾನು ಒಲೆ ಹಚ್ಚಲಿಲ್ಲ.

ಯುಗಾದಿಯ ಮಾರನೆಯ ದಿನ ಹೊಸತೊಡಕು, ಮನೆಮನೆಯಲ್ಲೂ ಮಾಂಸದೂಟ. ಊರೆಲ್ಲ ಬಾಡಿನ ಅಂಗಡಿಯ ಮುಂದೆ ನಿಂತಿರುವ ಹೊತ್ತು ನೋಡಿಕೊಂಡು ನಾನು ದಸ್ತಗೀರ್ ಸಾಬರ ಅಂಗಡಿಗೆ ಹೋದೆ. ಊರಿಗೆಲ್ಲ ಬೀಗ ರಿಪೇರಿ ಮಾಡುವವರು ಅವರು. ಎರಡನೆಯ ಕೈ ಮಾಡಿಕೊಡಿ ಎಂದು ಹೋದವರಿಗೆ ಅವರು ಮೊದಲು ಸರಿಯಾಗಿ ಬೈಯುತ್ತಾರೆ. ನನಗೆ ಬೈಯಲಿಲ್ಲ.

“ಸತ್ತಿದ್ದಾನೆ ಅಂತ ಏನಾದ್ರೂ ಸುದ್ದಿ ಬಂತಾ?” ಎಂದು ಕೇಳಿದರು.

“ಇಲ್ಲ.”

“ಬಂದಿದ್ರೆ ನಂಗೆ ಸಲೀಸಾಗಿತ್ತು ತಾಯಿ,” ಎಂದು ಚೀಲಕ್ಕೆ ಅರ, ಇಕ್ಕಳ, ಹಲ್ಲು ಮಾಡದ ಬೋಳು ಕೀಗಳನ್ನು ತುಂಬಿಕೊಂಡು ಎದ್ದರು.

ಗಾಡಿಯ ಬೀಗ ಗಾಡಿಯಲ್ಲೇ ಇರುವುದರಿಂದ ಕೆಲಸ ನಮ್ಮ ಮನೆ ಮುಂದೆಯೇ ನಡೆಯಬೇಕಾಯಿತು. ಅತ್ತೆ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ನಮ್ಮನ್ನು ನೋಡಿ ಗಾಡಿಗೆ ಬೆನ್ನು ಹಾಕಿ ಕುಳಿತರು. ಸಾಬರು ಡ್ರೈವರ್ ಸೀಟಿನಲ್ಲಿ ಕುಳಿತು ಬೋಳು ಕೀಯನ್ನು ಬೀಗದೊಳಗೆ ತುರುಕಿ ಬಲವಾಗಿ ತಿರುಚುವರು, ಹೊರಗೆಳೆದು ಬಿಸಿಲಿಗೆ ಹಿಡಿದು ಎಲ್ಲಿ ಗೀರು ಬಿದ್ದಿದೆ ನೋಡುವರು, ಗೀರು ಬಿದ್ದಲ್ಲಿ ಅರ ಹಾಕುವರು, ಮತ್ತೆ ತುರುಕುವರು. ಒಂದೊಂದೇ ಹಲ್ಲು ಮೂಡುತ್ತಿತ್ತು. ಅರದ ಸದ್ದು ಕೇಳಿ ಮೇಲ್ಕೇರಿಯ ಮೆಟ್ಟಿಲುಗಳ ಮೇಲೆ ಒಬ್ಬೊಬ್ಬರೇ ಬಂದು ನಿಂತರು. ಕೈಯಲ್ಲಿ ಬಿಂದಿಗೆಯಿತ್ತು. ಹತ್ತಿರ ಯಾರೂ ಬರಲಿಲ್ಲ.

ಬಿಸಿಲು ನೆತ್ತಿಗೆ ಬಂದಾಗ ಸಾಬರು ಇಳಿದು ಬಂದು ಕೀಯನ್ನೂ ಅರವನ್ನೂ ನನ್ನ ಕೈಗೆ ಕೊಟ್ಟರು. ಇದು ಅವರ ಅಪ್ಪನ ಕಾಲದಿಂದ ಬಂದ ಪದ್ಧತಿ, ನನಗೆ ಗೊತ್ತಿತ್ತು.

“ಇನ್ನೊಂದು ಹಲ್ಲೈತೆ. ಗುರುತು ಹಾಕಿವ್ನಿ ನೋಡಿ. ಅದು ನನ್ ಕೆಲ್ಸ ಅಲ್ಲ, ನಿಮ್ದು,” ಎಂದರು. “ಹಾಕ್ದಿದ್ರೆ ಇದು ತಗಡು, ಅವನ್ದು ಕೀ. ಹಾಕಿದ್ರೆ ಇದು ಕೀ. ನಿಧಾನ್ವಾಗಿ ಯೋಚ್ನೆ ಮಾಡಿ. ನಂಗೇನೂ ಅವಸರ ಇಲ್ಲ.”

ಅವರು ಟ್ಯಾಂಕರಿನ ನೆರಳಿನಲ್ಲಿ ಕುಳಿತು ಬೀಡಿ ಹಚ್ಚಿದರು. ನಾನು ಕೀಯನ್ನು ಎಡಗೈಯಲ್ಲಿ ಹಿಡಿದು ಗಡಿಕಲ್ಲಿನ ಕಡೆಯ ರಸ್ತೆಯನ್ನು ನೋಡುತ್ತ ನಿಂತೆ. ಈಗ ಬಂದರೆ, ಈಗ ಆ ತಿರುವಿನಲ್ಲಿ ಬಂದರೆ ಎಂದು ನೋಡಿದೆ. ಬರೀ ಬಿಸಿಲಿತ್ತು. ಸಾಬರಿಗೆ, ಊಟ ಮಾಡಿಕೊಂಡು ಬನ್ನಿ, ಆಮೇಲೆ ನೋಡೋಣ ಎಂದೆ. ಅವರು ಹಸಿವಿಲ್ಲ ಎಂದರು. ಮೆಟ್ಟಿಲ ಮೇಲೆ ಯಾರದೋ ಮಗು ನೀರು ಎಂದು ಅತ್ತದ್ದಕ್ಕೆ ಅದರ ತಾಯಿ ಬಾಯಿ ಮುಚ್ಚಿದ್ದು ಕಾಣಿಸಿತು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದು ಎಷ್ಟು ಹೊತ್ತು ನಿಂತಿದ್ದೆನೋ.

ಅತ್ತೆ ತಿರುಗದೆಯೇ ಮಾತಾಡಿದರು. “ಹಾಕೋದಾದ್ರೆ ಬೇಗ ಹಾಕು. ಹಿಂಗೆ ಜೀವ ಬಿಗಿ ಹಿಡ್ಕಂಡು ಕೂರೋಕೆ ನನ್ ಕೈಲಾಗಲ್ಲ.”

ನಾನು ಅರ ಹಾಕಿದೆ. ಬಾಗಿಲ ಕೊಂಡಿಯ ಮೇಲೆ ಮರಳು ಉಜ್ಜಿದಂಥ ಸಣ್ಣ ಸದ್ದು, ಅಷ್ಟೇ. ಪುಡಿ ನನ್ನ ಸೀರೆಯ ಮೇಲೆ ಉದುರಿತು. ಗಾಡಿ ಹತ್ತಿ ಕೀ ತಿರುಗಿಸಿದೆ. ಎಂಜಿನ್ ಎರಡು ಸಲ ಕೆಮ್ಮಿ ಸ್ಟಾರ್ಟ್ ಆಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಅದೇ ಮಧ್ಯಾಹ್ನ ಕ್ವಾರಿಗೆ ಹೋಗಿ ತುಂಬಿಸಿಕೊಂಡು ಬಂದು ಮೇಲ್ಕೇರಿಗೆ ಹತ್ತಿಸಿದೆ. ಸುಂದ್ರಮ್ಮನ ಮನೆಯಲ್ಲಿ ಹಂಡೆಗೆ ಉರಿ ಹಾಕಿದರು. ಯಾರೂ ನನ್ನ ಡ್ರೈವಿಂಗನ್ನು ಹೊಗಳಲಿಲ್ಲ.

ಅತ್ತೆ ನನ್ನೊಡನೆ ಮಾತು ಬಿಟ್ಟರು. ಮುನಿಸಿನಿಂದಲ್ಲ, ಆಡುವ ಮಾತು ಇಬ್ಬರಿಗೂ ಇರಲಿಲ್ಲ. ನಾನು ದಿನವೂ ನೀರಿಗೆ ಹೋಗುತ್ತಿದ್ದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುವ ಗಾದೆಯಿದೆಯಲ್ಲ, ನನ್ನ ಪಾಡು ಅದೇ ಆಯಿತು, ಬರೀ ನೀರಿಗೆ ಹೋಗಿ ಬರುವುದು. ಬಾವಿಯ ಮೋಟರು ನೋಡಿಕೊಳ್ಳುತ್ತಿದ್ದ ಮುದುಕ ಎಂದಿನಂತೆ ಪೈಪು ಹಾಕುತ್ತಿದ್ದ. ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಮುದುಕನಿರಲಿಲ್ಲ. ಮೋಟರ್ ಮನೆಯಿಂದ ಒಬ್ಬರು ಕುಂಟುತ್ತ ಬಂದು, “ಬನ್ನಿ ಅಕ್ಕಾ, ಸ್ವಲ್ಪ ಹಿಂದಕ್ಕೆ ತಗೊಳ್ಳಿ, ಪೈಪ್ ಹಾಕ್ತೀನಿ,” ಎಂದರು.

ಬಡಕಲಾಗಿದ್ದರು, ಗಡ್ಡ ಬಿಟ್ಟಿದ್ದರು. ಆದರೆ ಕಟ್ಟಿಕೊಂಡ ಗಂಡನನ್ನು ಗುರುತಿಸಲು ಎಷ್ಟು ಹೊತ್ತು ಬೇಕು? ನನ್ನನ್ನು ಆಡಿಸುತ್ತಿದ್ದಾರೆ, ಈಗ ನಗುತ್ತಾರೆ ಎಂದು ಕಾದೆ. ಅವರು ಪೈಪು ಹಿಡಿದು ನನ್ನ ಮುಖ ನೋಡಿದರು. ಯಾಕೆ ಈ ಹೆಂಗಸು ಗಾಡಿ ಹಿಂದಕ್ಕೆ ತೆಗೆಯುತ್ತಿಲ್ಲ ಎನ್ನುವ ಗೊಂದಲ ಆ ಮುಖದಲ್ಲಿತ್ತು, ಅದಕ್ಕಿಂತ ಹೆಚ್ಚಿನದು ಏನೂ ಇರಲಿಲ್ಲ. ನಾನು ಗಾಡಿ ಹಿಂದಕ್ಕೆ ತೆಗೆದೆ.

ಟ್ಯಾಂಕು ತುಂಬುವವರೆಗೆ ಅವರಿಗೆ ಮಾತು ಬೇಕು, ಅದು ಮೊದಲಿಂದಲೂ ಇದ್ದ ಗುಣ. ಎರಡನೆಯ ದಿನವೋ ಮೂರನೆಯ ದಿನವೋ ತಾವಾಗಿಯೇ ಹೇಳಿದರು. ಯಾವುದೋ ಪೇಟೆಯಲ್ಲಿ ಲಾರಿ ಗುದ್ದಿ, ಯಾರೋ ಪುಣ್ಯಾತ್ಮರು ದೂರದ ದೊಡ್ಡಾಸ್ಪತ್ರೆಗೆ ಸೇರಿಸಿದ್ದರಂತೆ. ತೊಡೆಗೆ ರಾಡು ಹಾಕಿ ಬಹಳ ದಿನ ಮಲಗಿಸಿದ್ದರಂತೆ.

“ಬಿಟ್ ಕಳ್ಸಿದ್ ದಿನ ಬಸ್ ಸ್ಟ್ಯಾಂಡಿಗೆ ಬಂದೆ. ಒಂದೇ ಓಟದಲ್ಲಿ ಬಂದೆ ಅಕ್ಕಾ, ಈ ಕಾಲಲ್ಲೂ. ಎಲ್ಲಿಗೋ ಹೋಗೋ ಆತುರ ಇತ್ತು. ಬಸ್ ಹತ್ತಿ ಕೂತೆ. ಕಂಡಕ್ಟ್ರು ಎಲ್ಲಿಗೆ ಅಂದ. ಬಾಯಿ ತೆಗ್ದೆ. ಏನೂ ಬರ್ಲಿಲ್ಲ. ಅದಕ್ಕೆ ಮುಂಚೆ ಗೊತ್ತಿತ್ತು ಅನ್ನೋದು ಮಾತ್ರ ಗೊತ್ತು.”

“ಯಾವತ್ತು ಅದು?” ಎಂದೆ.

“ಹೊಸತೊಡ್ಕಿನ ದಿವ್ಸ. ಮಟಮಟ ಮಧ್ಯಾಹ್ನ. ಬಸ್ ಸ್ಟ್ಯಾಂಡಲ್ಲೆಲ್ಲ ಬಾಡೂಟದ ವಾಸ್ನೆ.” ಅವರು ನಕ್ಕರು. “ಲಾಸ್ಟ್ ಸ್ಟಾಪಿಗೆ ಟಿಕೆಟ್ ಕೊಡಪ್ಪ ಅಂದೆ. ಅಲ್ಲಿ ಇಲ್ಲಿ ಒಂದಷ್ಟು ದಿನ ಅಲ್ದು, ಇನ್ನೊಂದು ಬಸ್ಸಲ್ಲಿ ಬರೋವಾಗ ಕಿಟಕಿಯಿಂದ ಈ ಬಾವಿ ಕಾಣಿಸ್ತು. ಯಾಕೋ ಇಳೀಬೇಕು ಅನ್ನಿಸ್ತು, ಇಳ್ದೆ. ಆ ಮುದ್ಕಪ್ಪನಿಗೂ ಒಬ್ಬ ಆಳು ಬೇಕಾಗಿತ್ತು.”

“ಜೇಬಲ್ಲಿ ಏನೂ ಇರ್ಲಿಲ್ವಾ?”

“ಯಾವ್ದೋ ಗಾಡಿ ಕೀ ಒಂದಿತ್ತು. ಗುಜರಿಯವನು ಬಂದಿದ್ದಾಗ ಹಾಕ್ಬಿಟ್ಟೆ.”

ಅವತ್ತು ಟ್ಯಾಂಕು ತುಂಬಿ ಚೆಲ್ಲಿದರೂ ನಾನು ಏಳಲಿಲ್ಲ. ನಾನು ಅರ ಹಿಡಿದು ರಸ್ತೆ ನೋಡುತ್ತ ನಿಂತಿದ್ದ ಹೊತ್ತಿನಲ್ಲಿ ಅವರು ಮುರಿದ ಕಾಲಿನಲ್ಲಿ ಬಸ್ಸಿಗೆ ಓಡುತ್ತಿದ್ದರು. ಸಾಬರು ಊಟಕ್ಕೆ ಎದ್ದು ಹೋಗಿದ್ದರೆ ಸಾಕಿತ್ತು. ಅತ್ತೆ ಆ ಮಾತು ಆಡದಿದ್ದರೆ, ಟಿಕೆಟ್ ಹರಿಯುವಷ್ಟು ಹೊತ್ತು ನಾನು ಹೆದರಿಕೊಂಡೇ ನಿಂತಿದ್ದರೆ ಸಾಕಿತ್ತು. ನಾನು ಒಬ್ಬಳೇ ಆ ಬಾವಿಯ ಕಟ್ಟೆಯ ಮೇಲೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ. ಅವರು ದೂರದಿಂದ ನೋಡಿ, ಒಂದು ಚೊಂಬಿನಲ್ಲಿ ನೀರು ತಂದು ನನ್ನ ಪಕ್ಕದಲ್ಲಿಟ್ಟು, ಮೋಟರ್ ಆರಿಸಲು ಹೋದರು.

ಹೇಳಿಬಿಡಬಹುದಲ್ಲ ಎಂದು ಕೇಳುವವರು ನಮ್ಮೂರಿನವರಲ್ಲ. ಹಿಂದೆ ಪಾಳ್ಯದ ಈರಮ್ಮ ತನ್ನ ತಮ್ಮನನ್ನು ಹೊರಗೆಲ್ಲೋ ಕಂಡು, ಕೈ ಹಿಡಿದು ಗಡಿಕಲ್ಲಿನ ಒಳಗೆ ಎಳೆದು ತಂದಳು. ಅವನು ನಮ್ಮ ಊರಿನ ನಡುಬೀದಿಯಲ್ಲಿ ನಿಂತು, ಈ ಬಯಲಿಗೆ ಯಾಕಮ್ಮ ಕರೆತಂದೆ ಎಂದು ಕಣ್ಣು ಕಿರಿದು ಮಾಡಿಕೊಂಡು ಸುತ್ತ ನೋಡಿದನಂತೆ. ಹೆತ್ತ ತಾಯಿ ಎದುರಿಗೆ ನಿಂತಿದ್ದರೂ ಅವನಿಗೆ ಕಾಣಲಿಲ್ಲ. ಹೆದರಿ ಓಡಿಹೋದವನು ಆ ಸೀಮೆಗೇ ಮತ್ತೆ ಬರಲಿಲ್ಲ. ನನಗೆ ಅವರು ಇಷ್ಟಾದರೂ ಕಣ್ಣೆದುರಿಗೆ ಇರಬೇಕಿತ್ತು. ಆದರೂ ಒಂದು ದಿನ ಮನಸ್ಸು ತಡೆಯಲಿಲ್ಲ.

“ನಿಮ್ಮ ಹೆಸರು ಚೆಲುವರಾಜ ಅಲ್ವಾ?” ಎಂದೆ.

“ಹೌದು. ಮುದ್ಕಪ್ಪ ಹೇಳಿದ್ನಾ?”

“ನನ್ನ ಹೆಸರು ಜಯಶೀಲ.”

ಅವರು ಆ ಹೆಸರನ್ನು ಒಂದು ಗಳಿಗೆ ಬಾಯಲ್ಲಿ ಇಟ್ಟುಕೊಂಡಂತೆ ಕಂಡಿತು. “ಒಳ್ಳೆ ಹೆಸ್ರು ಅಕ್ಕಾ,” ಎಂದರು.

ಮನೆಯಲ್ಲಿ ನಾನು ಏನೂ ಹೇಳಲಿಲ್ಲ. ಆದರೆ ಮಗನನ್ನು ಹೆತ್ತವರಿಗೆ ಸೊಸೆಯ ಮುಖ ಓದುವುದು ದೊಡ್ಡದಲ್ಲ. ಒಂದು ಬೆಳಿಗ್ಗೆ ನಾನು ಕೀ ತೆಗೆದುಕೊಳ್ಳುವಾಗ ಅತ್ತೆ ಒಲೆಯ ಮುಂದಿನಿಂದಲೇ, “ಬಾವಿ ಹತ್ರ ಹೊಸಬ ಯಾರೋ ಅವ್ನಾ?” ಎಂದು ಕೇಳಿದರು. ಯಾರೋ ಬೇರೆ ಕಡೆಯವರು ಎಂದೆ. ಅವರು ಬೂದಿ ಕೆದಕುತ್ತ, “ಹೊತ್ತೊತ್ತಿಗೆ ಉಣ್ತಾನಾ?” ಎಂದರು. ಮಾರನೆಯ ದಿನದಿಂದ ನಾನು ಹೊರಡುವ ಹೊತ್ತಿಗೆ ಗಾಡಿಯ ಸೀಟಿನ ಮೇಲೆ ಬಟ್ಟೆಯಲ್ಲಿ ಕಟ್ಟಿದ ಬುತ್ತಿ ಇರುತ್ತಿತ್ತು. ಮುದ್ದೆ, ಉಪ್ಸಾರು, ಕೆಲವು ದಿನ ಹುರುಳಿಕಾಳು. ಬಂದು ನೋಡುತ್ತೀರಾ ಎಂದು ಅತ್ತೆಯನ್ನು ಒಮ್ಮೆ ಕೇಳಿದೆ. “ನನ್ನ ನೋಡಿ ಅಜ್ಜಿ ಅಂದಾನು. ಬ್ಯಾಡ,” ಎಂದರು.

ಹೀಗೆ ಬೇಸಗೆ ಕಳೆಯಿತು. ಒಂದೆರಡು ಮಳೆಯೂ ಬಂತು. ಅವರ ಮೈ ಸ್ವಲ್ಪ ತುಂಬಿಕೊಂಡಿತು, ಕುಂಟು ಕಡಿಮೆಯಾಯಿತು. ಗಡ್ಡ ತೆಗೆಸಿದರು. ಗಡ್ಡ ತೆಗೆಸಿದ್ದು ಯಾಕೆಂದು ನನಗೆ ಹೊಳೆಯಬೇಕಿತ್ತು. ಕ್ವಾರಿಯ ಪಕ್ಕ ಟೀ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸಿಗೆ ಮದುವೆಗೆ ಬಂದ ಮಗಳಿದ್ದಳು. ಮೊನ್ನೆ ನಾನು ಗಾಡಿ ನಿಲ್ಲಿಸಿದಾಗ ಅವರು ಪೈಪು ಹಾಕಿ, ಕೈ ಒರೆಸಿಕೊಂಡು, ನನ್ನೆದುರು ಕೈಕಟ್ಟಿ ನಿಂತರು. ಏನೋ ಕೇಳುವುದಿತ್ತು, ನಾಚಿಕೆಯಾಗುತ್ತಿತ್ತು. ಆ ನಾಚಿಕೆಯನ್ನು ನಾನು ಹಿಂದೊಮ್ಮೆ ನೋಡಿದ್ದೆ.

“ಅಕ್ಕಾ, ಟೀ ಅಂಗಡಿಯೋರು ಹೆಣ್ಣು ಕೊಡ್ತೀವಿ ಅಂದವ್ರೆ,” ಎಂದರು. “ಆದ್ರೆ ಗಂಡಿನ ಕಡೆಯಿಂದ ಯಾರಾದ್ರೂ ಬರಬೇಕಂತೆ. ಹೂವು, ಹಣ್ಣು, ಎಲೆ ಅಡಿಕೆ ತಟ್ಟೆ ಹಿಡ್ಕಂಡು ಒಬ್ಬ ಮುತ್ತೈದೆನಾದ್ರೂ ಬಾಗ್ಲಿಗೆ ಬರ್ಲಿ, ಗೊತ್ತು ಗುರಿ ಇಲ್ದೋನು ಅಂತ ಜನ ಆಡ್ಕೋತಾರೆ ಅಂತವ್ರೆ. ನಂಗೆ ಹಿಂದಿಲ್ಲ ಮುಂದಿಲ್ಲ. ನೀವು ಮುತ್ತೈದೆ ಇದ್ದೀರಿ. ನಮ್ ಕಡೆಯೋರು ಅಂತ ನಿಂತ್ಕೋತೀರಾ?”

ಅವರ ಕಣ್ಣು ನನ್ನ ಕೊರಳಿನ ತಾಳಿಯ ಮೇಲಿತ್ತು. ನನ್ನ ಕೈ ತಾನಾಗಿ ಅದನ್ನು ಮುಚ್ಚಿಕೊಂಡಿತು. ನೀರು ಟ್ಯಾಂಕಿನೊಳಗೆ ಬೀಳುತ್ತಲೇ ಇತ್ತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಇನ್ನು ಸಿಟ್ಟು ಬರುವಂತೆಯೂ ಇಲ್ಲವಲ್ಲ ಎಂದು ಆಗ ತಿಳಿಯಿತು.

“ಯಾವತ್ತು?” ಎಂದೆ.

“ಬರೋ ಸೋಮ್ವಾರ. ನಿಮ್ಮ ಯಜಮಾನ್ರನ್ನೂ ಕರ್ಕಂಡು ಬನ್ನಿ. ಜೋಡಿ ಬಂದ್ರೆ ನಂಗೂ ಮರ್ಯಾದೆ.”

“ಅವರು ಬರಲ್ಲ.”

“ಯಾಕೆ, ಮುನಿಸ್ಕಂಡವ್ರಾ?”

ಹ್ಞೂಂ ಎಂದೆ.

“ಬಿಡಿ ಅಕ್ಕಾ. ಗಂಡ ಹೆಂಡಿರ ಜಗ್ಳ ಉಂಡು ಮಲಗೋ ತನ್ಕ ಅಂತಾರೆ,” ಎಂದು ಅವರು ನನಗೆ ಸಮಾಧಾನ ಹೇಳಿದರು. “ಬೇಕಾದ್ರೆ ನಾನೇ ಒಂದ್ ಮಾತು ಹೇಳ್ತೀನಿ ಅವ್ರಿಗೆ. ಎಲ್ಲಿ ಸಿಕ್ತಾರೆ?”

ಟ್ಯಾಂಕು ತುಂಬಿತು. ಅವರು ಮೋಟರ್ ಆರಿಸಲು ಓಡಿದರು. ನಾನು ಗಾಡಿ ಹತ್ತಿ, ಸೋಮವಾರ ಮೇಲ್ಕೇರಿಗೆ ನೀರು ತಡವಾಗುತ್ತದೆ ಎಂದು ಸುಂದ್ರಮ್ಮನಿಗೆ ಹೇಳಬೇಕು, ತಟ್ಟೆಗೆ ಹೂವು ಅತ್ತೆಯ ಕೈಯಿಂದಲೇ ಕಟ್ಟಿಸಬೇಕು ಎಂದು ಲೆಕ್ಕ ಹಾಕುತ್ತ, ಕೀ ತಿರುಗಿಸಿದೆ.